ಫಿಲಿಪ್ಪೀನ್ಸಿನ ಅತ್ತೆಮನೆಯಲ್ಲಿ ಕ್ರಿಸ್‌ಮಸ್ ಹೇಗಿರುತ್ತದೆ?

ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯ ತವರಿಗೆ ಹೋಗುತ್ತಿದ್ದೀರಿ, ಅದೂ ಡಿಸೆಂಬರಿನಲ್ಲಿ. ಅಲ್ಲಿ ಹಬ್ಬ ಹೇಗೆ ನಡೆಯುತ್ತದೆ, ಕೈಯಲ್ಲಿ ಎಷ್ಟು ಹಣ ಇರಬೇಕು, ಮಾಂಸ ಮುಟ್ಟದವನು ಏನು ತಿನ್ನಬೇಕು ಎಂದು ಕೇಳಿದ್ದೀರಿ. ಮೂರನೆಯದೇ ನಿಮ್ಮ ನಿದ್ದೆ ಕೆಡಿಸಿದಂತೆ ಕಾಣುತ್ತದೆ. ಹೆದರಬೇಡಿ, ಉಪವಾಸ ಬೀಳುವುದಿಲ್ಲ. ಹುಟ್ಟು ಸಸ್ಯಾಹಾರಿಯಾದ ನಾನು ಅಲ್ಲಿ ಏಳು ಕ್ರಿಸ್‌ಮಸ್ ಕಳೆದು ಪ್ರತಿಸಲವೂ ತೂಕ ಹೆಚ್ಚಿಸಿಕೊಂಡೇ ಬಂದಿದ್ದೇನೆ.

ನಾನು ತಿಪಟೂರು ಕಡೆಯವನು. ದುಬೈಯಲ್ಲಿ ಲೆಕ್ಕಪತ್ರದ ಕೆಲಸ. ಹೆಂಡತಿ ಅಲ್ಲಿಯೇ ನರ್ಸ್. ಅವಳ ಊರು ಮನಿಲಾದಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದ ಸಾನ್ ಫೆರ್ನಾಂಡೊ ಹತ್ತಿರ, ಪಂಪಾಂಗಾ ಪ್ರಾಂತ್ಯದಲ್ಲಿದೆ. ನಿಮ್ಮ ಹೆಂಡತಿಯ ಊರು ಬೇರೆ ಕಡೆಯಿದ್ದರೆ ತಿಂಡಿಯ ಹೆಸರು, ಮಾತು ಸ್ವಲ್ಪ ಬದಲಾಗಬಹುದು. ಉಳಿದದ್ದು ಹೆಚ್ಚುಕಡಿಮೆ ಇದೇ.

ಮೊದಲು ನನ್ನ ಮೊದಲ ವರ್ಷದ ಅವಮಾನವನ್ನು ಹೇಳಿಬಿಡುತ್ತೇನೆ. 24ರ ಬೆಳಿಗ್ಗೆ ವಿಮಾನ ಇಳಿದು, ಹೆದ್ದಾರಿಯ ವಾಹನಗಳ ಸಾಲಿನಲ್ಲಿ ಮೂರು ಗಂಟೆ ಕುಳಿತು ಮನೆ ಸೇರಿದೆ. ಅತ್ತೆಯ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದರೆ ಅವರು ನಾನೇನೋ ಬೀಳಿಸಿಕೊಂಡೆ ಎಂದುಕೊಂಡು ತಾವೂ ಬಗ್ಗಿ ನೆಲದಲ್ಲಿ ಹುಡುಕತೊಡಗಿದರು. ಅಲ್ಲಿ ಹಿರಿಯರ ಕೈ ಹಿಡಿದು ಅದರ ಹಿಂಬದಿಯನ್ನು ನಮ್ಮ ಹಣೆಗೆ ಒತ್ತಿಕೊಳ್ಳಬೇಕು, ‘ಮಾನೊ ಪೊ’ ಎನ್ನಬೇಕು. ಇದನ್ನು ಹೋಗುವ ಮೊದಲೇ ಕಲಿತುಕೊಳ್ಳಿ. ಅಜ್ಜ, ಅಜ್ಜಿ, ಚಿಕ್ಕಮ್ಮ, ದೊಡ್ಡಪ್ಪ ಯಾರನ್ನೂ ಬಿಡಬೇಡಿ. ಸಂಜೆ ಯಾರೋ ಕೊಟ್ಟ ಅಕ್ಕಿಯ ಸಿಹಿ ತಿಂದು, ಊಟ ಮುಗಿಯಿತು ಎಂದುಕೊಂಡು, ಒಂಬತ್ತೂವರೆಗೆ ಹೋಗಿ ಮಲಗಿದೆ. ಎಚ್ಚರವಾದಾಗ ರಾತ್ರಿ ಒಂದು ಗಂಟೆ. ಹೊರಗೆ ಬಂದರೆ ಇಪ್ಪತ್ತಕ್ಕೂ ಹೆಚ್ಚು ಜನ ಮೇಜಿನ ಸುತ್ತ ಕುಳಿತಿದ್ದಾರೆ. ತಟ್ಟೆಗಳ ಮೇಲೆ ತಟ್ಟೆ ಮುಚ್ಚಿದೆ. ಕೆಂಪು ಮೇಣದ ಚೀಸ್ ಉಂಡೆಗೆ ಇನ್ನೂ ಚಾಕು ತಾಗಿಲ್ಲ. ಮಕ್ಕಳು ಕುರ್ಚಿಯಲ್ಲೇ ತೂಕಡಿಸುತ್ತಿದ್ದಾರೆ. ನನಗೆ ದಣಿವಾಗಿದೆ, ಎಬ್ಬಿಸುವುದು ಬೇಡ ಎಂದು ಹೆಂಡತಿ ಹೇಳಿದಳಂತೆ. ಹಾಗಾದರೆ ಕಾಯೋಣ ಎಂದು ಅತ್ತೆ ಹೇಳಿದರಂತೆ. ಯಾರೂ ಒಂದು ಮಾತು ಆಡಲಿಲ್ಲ. ಅದೇ ಹೆಚ್ಚು ನಾಚಿಕೆಯಾಯಿತು.

24ರ ನಡುರಾತ್ರಿಯ ಆ ಊಟಕ್ಕೆ ‘ನೋಚೆ ಬ್ವೇನಾ’ ಎನ್ನುತ್ತಾರೆ. ಸ್ಪೇನಿನವರು ಮುನ್ನೂರಕ್ಕೂ ಹೆಚ್ಚು ವರ್ಷ ಆಳಿ ಬಿಟ್ಟುಹೋದ ಹೆಸರು. ಇಡೀ ಹಬ್ಬ ಆ ಒಂದು ಗಳಿಗೆಗಾಗಿ ಕಾಯುತ್ತದೆ. ಹಾಗಾಗಿ ಈಗ ನಾನು 24ರ ಮಧ್ಯಾಹ್ನ ಯಾರು ಏನೇ ಅನ್ನಲಿ, ಎರಡು ಗಂಟೆ ನಿದ್ದೆ ತೆಗೆಯುತ್ತೇನೆ.

ಆದರೆ ಹಬ್ಬ ಅಲ್ಲಿಂದ ಶುರುವಾಗುವುದಿಲ್ಲ. ಸೆಪ್ಟೆಂಬರ್ 1ರಿಂದಲೇ ಅಂಗಡಿಗಳಲ್ಲಿ ಕ್ರಿಸ್‌ಮಸ್ ಹಾಡು ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ‘ಬರ್’ ಎಂದು ಮುಗಿಯುವ ನಾಲ್ಕೂ ತಿಂಗಳು ಅವರ ಲೆಕ್ಕದಲ್ಲಿ ಹಬ್ಬದವೇ. ನಮ್ಮ ಮನೆಯಲ್ಲಿ ಅದಕ್ಕೂ ಮೊದಲೇ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಮಲಗುವ ಕೋಣೆಯ ಮೂಲೆಗೆ ಬಂದು ಕೂರುತ್ತದೆ. ಅದು ‘ಬಾಲಿಕ್‌ಬಾಯನ್’ ಪೆಟ್ಟಿಗೆ. ಹೊರದೇಶದಲ್ಲಿ ದುಡಿಯುವವರು ಊರಿಗೆ ಹಡಗಿನಲ್ಲಿ ಕಳಿಸುವುದು. ಸಂಬಳ ಬಂದಾಗಲೆಲ್ಲ ಹಾಲಿನ ಪುಡಿ, ಸಾಬೂನು, ಟೂತ್‌ಪೇಸ್ಟ್, ಟವೆಲ್, ಚಾಕೊಲೇಟ್, ಯಾರದೋ ಅಳತೆಯ ಶೂ ಅದರೊಳಗೆ ಬೀಳುತ್ತವೆ. ಶೂ ಒಳಗೂ ಖಾಲಿ ಬಿಡುವ ಹಾಗಿಲ್ಲ, ಅಲ್ಲಿ ಕಾಲುಚೀಲ, ಕಾಲುಚೀಲದೊಳಗೆ ಚಾಕೊಲೇಟ್. ಸಾಬೂನು ಅಲ್ಲಿ ಸಿಗುವುದಿಲ್ಲವೇ ಎಂದು ಒಮ್ಮೆ ಲೆಕ್ಕ ಹಾಕಿ ತೋರಿಸಹೋಗಿ ಎರಡು ದಿನ ಮಾತಿಲ್ಲದೆ ಕಳೆದೆ. ನೀವು ಲೆಕ್ಕ ಹಾಕಬೇಡಿ. ಕಳಿಸುವುದಿದ್ದರೆ ಅಕ್ಟೋಬರ್ ಮೊದಲ ವಾರ ದಾಟಿಸಬೇಡಿ. ಸಮುದ್ರದ ದಾರಿ, ಮೇಲೆ ಬಂದರಿನಲ್ಲಿ ಹಬ್ಬದ ನೂಕುನುಗ್ಗಲು.

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ, ಬೆಳಗಿನ ಜಾವದ ಪೂಜೆ ಇರುತ್ತದೆ: ‘ಸಿಂಬಾಂಗ್ ಗಬಿ’. ರೈತರು ಗದ್ದೆಗೆ ಇಳಿಯುವ ಮೊದಲೇ ಚರ್ಚಿಗೆ ಬಂದುಹೋಗಲಿ ಎಂದು ಸ್ಪ್ಯಾನಿಷರ ಕಾಲದಲ್ಲಿ ನಿಂತ ಪದ್ಧತಿ. ಒಂಬತ್ತನ್ನೂ ತಪ್ಪಿಸದವರ ಹರಕೆ ಈಡೇರುತ್ತದೆ ಎಂಬ ನಂಬಿಕೆ ಇದೆ. ಅತ್ತೆ ಮೂರೂವರೆಗೆ ಬಾಗಿಲು ತಟ್ಟಿದಾಗ ನನಗೆ ನೆನಪಾದದ್ದು ನಮ್ಮೂರಿನ ಧನುರ್ಮಾಸ. ಅದೂ ಸರಿಸುಮಾರು ಅದೇ ದಿನ ಹಿಡಿಯುತ್ತದೆ. ಅದೇ ಚಳಿ, ಅದೇ ಕತ್ತಲು, ಶಾಲು ಹೊದ್ದ ಅಜ್ಜಿಯಂದಿರು, ಪೂಜೆಗಿಂತ ಹುಗ್ಗಿಯ ಮೇಲೆ ಕಣ್ಣಿಟ್ಟ ಹುಡುಗರು. ಇಲ್ಲಿ ಹುಗ್ಗಿಯ ಜಾಗದಲ್ಲಿ ‘ಪುತೊ ಬುಂಬೊಂಗ್’ ಇದೆ. ನೇರಳೆ ಬಣ್ಣದ ಅಂಟಕ್ಕಿಯ ಹಿಟ್ಟನ್ನು ಬಿದಿರಿನ ಕೊಳವೆಗೆ ತುಂಬಿ ಹಬೆಯಲ್ಲಿ ಬೇಯಿಸಿ, ಬಾಳೆಲೆಯ ಮೇಲೆ ತಟ್ಟಿ ಬೀಳಿಸಿ, ಮೇಲೆ ಬೆಣ್ಣೆ ಸವರಿ, ಕಾಯಿತುರಿ, ಕಪ್ಪು ಸಕ್ಕರೆ ಉದುರಿಸಿ ಕೊಡುತ್ತಾರೆ. ಕರಾವಳಿಯ ಪುಟ್ಟು ತಿಂದವರಿಗೆ ಇದು ದೂರದ ನೆಂಟ ಅನ್ನಿಸದೆ ಇರದು. ಪಕ್ಕದಲ್ಲೇ ‘ಬಿಬಿಂಗ್ಕ’: ಕೆಳಗೂ ಕೆಂಡ, ಮೇಲೂ ಕೆಂಡ ಇಟ್ಟು ಬೇಯಿಸುವ ಅಕ್ಕಿಯ ರೊಟ್ಟಿಯಂಥದ್ದು. ಅದರಲ್ಲಿ ಮೊಟ್ಟೆ ಇರುತ್ತದೆ, ನೋಡಿಕೊಳ್ಳಿ. ಕುಡಿಯಲು ಶುಂಠಿ ಕಷಾಯ.

ಚರ್ಚಿನೊಳಗೆ ಒಂದು ಎಚ್ಚರಿಕೆ. ಪ್ರಸಾದದ ಸಾಲು ಎದ್ದಾಗ ನೀವು ಏಳಬೇಡಿ, ಅದು ಕ್ಯಾಥೊಲಿಕರಿಗೆ ಮಾತ್ರ. ಮೊದಲ ಸಲ ಎಲ್ಲರ ಜತೆ ಎದ್ದು ಹೊರಟವನ ಅಂಗಿಯ ತುದಿಯನ್ನು ಹೆಂಡತಿ ಹಿಡಿದೆಳೆದು ಕೂರಿಸಿದಳು. ಹಿಂದಿನ ಬೆಂಚಿನ ಹೆಂಗಸರು ಪೂಜೆ ಮುಗಿಯುವವರೆಗೂ ನಗು ತಡೆದುಕೊಳ್ಳುತ್ತಿದ್ದರು.

ಈಗ ಊಟ. ಮಾಂಸ ಬೇಡ ಎಂದರೆ ಅವರು ಪಾಪ, ಕೋಳಿ ತರುತ್ತಾರೆ. ಕೋಳಿಯೂ ಬೇಡ ಎಂದರೆ ಸಿಗಡಿ. ತರಕಾರಿ ಪಲ್ಯದಲ್ಲೂ ಸಿಗಡಿಯ ಗೊಜ್ಜೋ ಮೀನಿನ ರಸವೋ ಇರುತ್ತದೆ, ಅದು ಅವರ ಲೆಕ್ಕದಲ್ಲಿ ಉಪ್ಪು. ಆದ್ದರಿಂದ ‘ಮಾಂಸವಿಲ್ಲ’ ಎಂದು ಹೇಳುವುದನ್ನು ಬಿಟ್ಟು, ಏನು ತಿನ್ನುತ್ತೀರಿ ಎಂದು ಹೇಳಿ. ನನ್ನ ಅತ್ತೆ ಈಗ ನನಗೆಂದೇ ಒಂದು ಬಾಣಲೆ ಬೇರೆ ಇಟ್ಟಿದ್ದಾರೆ. ಅದರಲ್ಲಿ ಎಲೆಕೋಸು, ಕ್ಯಾರೆಟ್, ತೋಫು ಹಾಕಿದ ಶಾವಿಗೆ ಮಾಡುತ್ತಾರೆ. ಆ ಬಾಣಲೆಯನ್ನು ಬೇರೆ ಯಾರಾದರೂ ಮುಟ್ಟಿದರೆ ಬೈಗುಳ ಗ್ಯಾರಂಟಿ. ಅದಲ್ಲದೆ ಅಂಟಕ್ಕಿ, ತೆಂಗಿನ ಹಾಲು, ಬೆಲ್ಲದಂಥ ಸಕ್ಕರೆಯಿಂದ ಮಾಡುವ ಸಿಹಿಗಳು ಹತ್ತಾರು. ಪಂಪಾಂಗಾದ ‘ತಿಬೊಕ್-ತಿಬೊಕ್’ ಕಂಡರಂತೂ ಬಿಡಬೇಡಿ. ಎಮ್ಮೆಹಾಲನ್ನು ಹಿಟ್ಟಿನೊಂದಿಗೆ ಕೈಬಿಡದೆ ಕದಡಿ ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸುತ್ತಾರೆ. ಥೇಟ್ ನಮ್ಮ ಹಾಲುಬಾಯಿ. ಮೇಲೆ ಮಾತ್ರ ತೆಂಗಿನ ಹಾಲು ಕಾಯಿಸಿ ಎಣ್ಣೆ ಬಿಟ್ಟಾಗ ಉಳಿಯುವ ಕಂದು ಗಸಿ ಉದುರಿಸಿರುತ್ತಾರೆ.

ಮೇಜಿನ ನಡುವೆ ಹಂದಿ ಇಡಿಯಾಗಿ ಬಂದು ಕೂರಬಹುದು. ಮುಖ ತಿರುಗಿಸಬೇಡಿ. ಅದು ಮನೆಯವರ ಹೆಮ್ಮೆ. ನಾನು ಮೇಜಿನ ಬಾಲದ ತುದಿಯಲ್ಲಿ ಕೂರುತ್ತೇನೆ. ಬಾಲ ಎಂದರೆ ಹಂದಿಯದ್ದು.

ನನಗೆ ಆ ಮನೆಯಲ್ಲಿ ಜಾಗ ಸಿಕ್ಕಿದ್ದು ಅಡುಗೆಮನೆಯ ಹಿಂದೆ. ಎರಡನೆಯ ವರ್ಷ, 23ರ ಮಧ್ಯಾಹ್ನ. ಅಲ್ಲಿ ಒಂದು ಗಿಡ್ಡ ಮಣೆ ಬಿದ್ದಿತ್ತು, ತುದಿಗೆ ಹಲ್ಲು ಹಲ್ಲಿನ ಕಬ್ಬಿಣದ ನಾಲಗೆ. ‘ಕುದ್‌ಕುರನ್’ ಎನ್ನುತ್ತಾರೆ. ನಮ್ಮ ತುರಿಮಣೆಯೇ. ಹೆಂಡತಿಯ ಅಣ್ಣ ಕಾಯಿ ಒಡೆಯಲು ಮಚ್ಚು ಎತ್ತಿ ಎತ್ತಿ ಹೊಡೆಯುತ್ತಿದ್ದ. ತಿಪಟೂರಿನವನಿಗೆ ಇದನ್ನು ನೋಡಿ ಸುಮ್ಮನಿರಲು ಆಗುತ್ತದೆಯೇ? ಕಾಯಿಯನ್ನು ಅಂಗೈಯಲ್ಲಿಟ್ಟು, ಮಚ್ಚಿನ ಬೆನ್ನಿನಿಂದ ನಡುವಿಗೆ ಸುತ್ತ ಮೂರು ಏಟು ಕೊಟ್ಟು ಎರಡು ಹೋಳು ಮಾಡಿದೆ. ಮಣೆಯ ಮೇಲೆ ಕುಳಿತು ತುರಿಯತೊಡಗಿದೆ. ಕರಟದ ಕಂದು ಸಿಪ್ಪೆ ಒಂದಿಷ್ಟೂ ಬೀಳದ ಹಾಗೆ, ನಮ್ಮಮ್ಮ ಕಲಿಸಿದ ಹಾಗೆ. ಸುತ್ತ ಜನ ಸೇರಿದರು. ಅತ್ತೆ ಒಂದು ಚಿಟಿಕೆ ತುರಿ ತೆಗೆದು ಬೆಳಕಿಗೆ ಹಿಡಿದು ನೋಡಿ, ಏನೂ ಅನ್ನದೆ ಒಳಗೆ ಹೋಗಿ ಇನ್ನೂ ಒಂಬತ್ತು ಕಾಯಿ ತಂದು ಪಕ್ಕಕ್ಕಿಟ್ಟರು. ಅಂದಿನಿಂದ ಆ ಕೆಲಸ ನನ್ನದು. ಅತಿಥಿಯಾಗಿ ಸೋಫಾದಲ್ಲಿ ಕುಳಿತು ಅರ್ಥವಾಗದ ಭಾಷೆಗೆ ನಗುತ್ತ ಇರುವಷ್ಟು ಕಷ್ಟ ಬೇರೊಂದಿಲ್ಲ. ನೀವೂ ಹೋದ ದಿನವೇ ಒಂದು ಕೆಲಸ ಹುಡುಕಿಕೊಳ್ಳಿ. ಈರುಳ್ಳಿ ಹೆಚ್ಚುವುದಾದರೂ ಸರಿ.

ಹಣದ ವಿಷಯ. ನನ್ನ ಷಡ್ಡಕ ಆಸ್ಟ್ರೇಲಿಯಾದವನು, ಒಳ್ಳೆಯವನು. ಮೊದಲ ವರ್ಷ ಎಲ್ಲದಕ್ಕೂ ಅವನೇ ಕೊಟ್ಟ: ಹಂದಿ, ಬಿಯರ್, ಬಾಡಿಗೆ ವ್ಯಾನು. ಎರಡನೆಯ ವರ್ಷವೂ ಅವನೇ ಕೊಡುತ್ತಾನೆ ಎಂದು ಎಲ್ಲರೂ ತಿಳಿದರು. ಮೂರನೆಯ ವರ್ಷ ಅವನು ಮುಖ ಊದಿಸಿಕೊಂಡು ತಿರುಗಿದ. ತಪ್ಪು ಅವನದೇ ಎಂದು ನನ್ನ ಅಭಿಪ್ರಾಯ. ಆ ದೇಶದಲ್ಲಿ ನೌಕರರಿಗೆ ‘ಹದಿಮೂರನೆಯ ತಿಂಗಳ ಸಂಬಳ’ ಎಂಬುದುಂಟು. 1975ರ ಆದೇಶದಿಂದ ಬಂದದ್ದು, ಡಿಸೆಂಬರ್ 24ರೊಳಗೆ ಕೊಡಲೇಬೇಕು. ಅಂದರೆ ಹಬ್ಬದ ಹೊತ್ತಿಗೆ ಕೆಲಸದಲ್ಲಿರುವ ಅವರ ಕೈಯಲ್ಲೂ ಒಂದಿಷ್ಟು ಕಾಸಿರುತ್ತದೆ, ತಮ್ಮ ಪಾಲು ಹಾಕಲು ಅವರಿಗೂ ಮನಸ್ಸಿರುತ್ತದೆ. ನಾವು ಗಂಡ ಹೆಂಡತಿ ದುಬೈಯಲ್ಲೇ ಒಂದು ಮೊತ್ತ ಗೊತ್ತುಮಾಡಿಕೊಂಡು, ಹೋದ ದಿನವೇ ಅತ್ತೆಯ ಕೈಗೆ ಕೊಟ್ಟುಬಿಡುತ್ತೇವೆ. ಆಮೇಲೆ ಯಾರು ಏನು ಕೇಳಿದರೂ ಅತ್ತೆಯ ಕಡೆ ಕೈ ತೋರಿಸುತ್ತೇನೆ. ಅವರನ್ನು ದಾಟಿ ಬಂದವರು ಇದುವರೆಗೆ ಇಲ್ಲ.

ಧರ್ಮಮಕ್ಕಳ ಖರ್ಚು ಬೇರೆ. ನನ್ನ ಹೆಂಡತಿ ಒಂಬತ್ತು ಮಕ್ಕಳಿಗೆ ‘ನಿನಾಂಗ್’, ಅಂದರೆ ದೀಕ್ಷಾಸ್ನಾನದಲ್ಲಿ ನಿಂತ ಧರ್ಮಮಾತೆ. ಚರ್ಚಿನ ನಿಯಮದ ಪ್ರಕಾರ ನಾನು ಧರ್ಮಪಿತನಾಗಲಾರೆ, ಲೆಕ್ಕದ ಪ್ರಕಾರ ಆಗಿಹೋಗಿದ್ದೇನೆ. 25ರ ಬೆಳಿಗ್ಗೆ ಒಂಬತ್ತು ಮಂದಿಯೂ ಹೊಸ ಬಟ್ಟೆ ತೊಟ್ಟು ಸಾಲಾಗಿ ಬಂದು ನನ್ನ ಕೈಯನ್ನು ಹಣೆಗೊತ್ತಿಕೊಂಡು, ಅಲ್ಲಿಂದ ಕದಲದೆ ನಿಲ್ಲುತ್ತಾರೆ. ಅವರಲ್ಲದೆ ಬೀದಿಯ ಹುಡುಗರೂ ಡಿಸೆಂಬರ್ ಪೂರ್ತಿ ಸಂಜೆ ಬಾಗಿಲಿಗೆ ಬಂದು ಹಾಡುತ್ತಾರೆ. ಸೋಡಾ ಬಾಟಲಿಯ ಮುಚ್ಚಳಗಳನ್ನು ಜಜ್ಜಿ ಚಪ್ಪಟೆ ಮಾಡಿ ತಂತಿಗೆ ಪೋಣಿಸಿದ್ದೇ ಅವರ ತಾಳ. ಚಿಲ್ಲರೆ ಇಟ್ಟುಕೊಂಡಿರಿ. ಇವರಲ್ಲಿ ಒಬ್ಬ ಪುಟ್ಟ ನನ್ನನ್ನು ಕಂಡೊಡನೆ ಹಾಡು ನಿಲ್ಲಿಸಿ ಓಡಿಹೋದ. ಆಮೇಲೆ ತಿಳಿಯಿತು: ಬೈಕಿನಲ್ಲಿ ಬಂದು ಐದು ಕೊಟ್ಟು ಆರು ವಸೂಲಿ ಮಾಡುವ ಭಾರತದ ಬಡ್ಡಿ ವ್ಯಾಪಾರಿಗಳನ್ನು ಅಲ್ಲಿ ‘ಬುಂಬೈ’ ಎನ್ನುತ್ತಾರೆ. ಹಟ ಮಾಡುವ ಮಕ್ಕಳನ್ನು ‘ಬುಂಬೈ ಎತ್ತಿಕೊಂಡು ಹೋಗುತ್ತಾನೆ’ ಎಂದು ಹೆದರಿಸುವುದೂ ಉಂಟು. ನಿಮಗೂ ಇದು ಆಗಬಹುದು, ಬೇಸರ ಮಾಡಿಕೊಳ್ಳಬೇಡಿ. ಆ ಹುಡುಗ ಈಗ ನನ್ನೊಡನೆ ಚೆಸ್ ಆಡುತ್ತಾನೆ.

ಪಂಪಾಂಗಾ ಕಡೆ ಹೋಗುವುದಾದರೆ ಸಾನ್ ಫೆರ್ನಾಂಡೊದ ದೈತ್ಯ ನಕ್ಷತ್ರದೀಪಗಳ ಸ್ಪರ್ಧೆ ನೋಡಿ, ಸಾಮಾನ್ಯವಾಗಿ ಡಿಸೆಂಬರ್ ನಡುವಿನ ಒಂದು ಶನಿವಾರ ಇರುತ್ತದೆ. ಇಪ್ಪತ್ತು ಅಡಿ ಎತ್ತರದ ದುಂಡು ದೀಪಗಳು, ಒಂದೊಂದರಲ್ಲೂ ಸಾವಿರಾರು ಬಲ್ಬು. ಎಲ್ಲರೂ ಮುಂದೆ ನಿಂತು ಫೋಟೊ ತೆಗೆಯುತ್ತಾರೆ. ನೀವು ಹಿಂದಕ್ಕೆ ಹೋಗಲು ಸಾಧ್ಯವೇ ನೋಡಿ. ಅಲ್ಲಿ ಕಬ್ಬಿಣದ ಡ್ರಮ್ಮುಗಳನ್ನು ಮನುಷ್ಯರು ಕೈಯಿಂದ ತಿರುಗಿಸುತ್ತಿರುತ್ತಾರೆ. ಡ್ರಮ್ಮಿಗೆ ಸಾಲಾಗಿ ತಾಗಿ ನಿಂತಿರುವುದು ಹೆಂಗಸರು ತಲೆಗೆ ಸಿಕ್ಕಿಸುವ ಪಿನ್ನುಗಳು, ಪ್ರತಿ ಪಿನ್ನಿನಿಂದ ಒಂದು ವೈರು. ಪಿನ್ನು ಲೋಹಕ್ಕೆ ತಾಗಿದಾಗ ದೀಪ ಹತ್ತುತ್ತದೆ. ಡ್ರಮ್ಮಿನ ಮೇಲೆ ಅಂಟಿಸಿದ ಟೇಪು ಅಡ್ಡ ಬಂದಾಗ ಆರುತ್ತದೆ. ಟೇಪನ್ನು ಎಲ್ಲೆಲ್ಲಿ ಅಂಟಿಸಬೇಕು ಎಂಬುದೇ ಅವರ ಕುಶಲತೆ. ಬ್ಯಾಂಡಿನ ತಾಳಕ್ಕೆ ತಕ್ಕಂತೆ ಆ ಡ್ರಮ್ಮು ತಿರುಗಿಸುವವನ ಬೆವರು ನೋಡಿದ ಮೇಲೆ ನಾನು ಮುಂದೆ ಹೋಗಿ ನಿಲ್ಲಲೇ ಇಲ್ಲ.

ರಜೆ ಸಿಗದ ವರ್ಷ ದುಬೈಯಲ್ಲೇ ಹಬ್ಬ. ಆಗ ಎರಡು ಸಲ ಊಟ. ಅಲ್ಲಿನ ನಡುರಾತ್ರಿ ನಮಗೆ ರಾತ್ರಿ ಎಂಟು ಗಂಟೆ. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅವರ ಜತೆ ಒಂದು ಸುತ್ತು ಉಣ್ಣುತ್ತೇವೆ, ನಮ್ಮ ಹನ್ನೆರಡಕ್ಕೆ ಹೆಂಡತಿಯ ಆಸ್ಪತ್ರೆಯ ಗೆಳತಿಯರೊಂದಿಗೆ ಇನ್ನೊಂದು ಸುತ್ತು. ಹೋದ ಸಲ ಹೀಗೆಯೇ ಕರೆ ಮಾಡಿದಾಗ ಅತ್ತೆ ಹಬ್ಬದ ಮಾತು ಬಿಟ್ಟು ತುರಿದ ಕಾಯಿಯ ಪಾತ್ರೆಯನ್ನು ಕ್ಯಾಮೆರಾಕ್ಕೆ ಹಿಡಿದರು. ತುರಿಯಲ್ಲಿ ಕರಟದ ಚೂರು ಕಾಣುತ್ತಿತ್ತು. ಭಾವ ಹಿಂದಿನಿಂದ ಕೈಮುಗಿದ.

ಮರೆತಿದ್ದೆ. ಮಕ್ಕಳಿಗೆ ಕೊಡುವ ನೋಟು ಗರಿಗರಿಯಾಗಿರಬೇಕು, ಮಡಿಸಿದ್ದು ನಡೆಯದು. ಚಿಕ್ಕವರಿಗೆ 50, 100 ಪೆಸೊ, ಸ್ವಂತ ಧರ್ಮಮಕ್ಕಳಿಗೆ 500 ಎಂದು ನಮ್ಮ ಮನೆಯ ಲೆಕ್ಕ. ಹೊಸ ನೋಟನ್ನು ಯಾರಾದರೂ ನೆಂಟರಿಗೆ ಹೇಳಿ ನವೆಂಬರಿನಲ್ಲೇ ಬ್ಯಾಂಕಿನಿಂದ ತೆಗೆಸಿಡಿ. ಡಿಸೆಂಬರ್ ಎರಡನೆಯ ವಾರ ಹೋದರೆ ಕೌಂಟರಿನವರು ನಗುತ್ತಾರೆ, ನೋಟು ಮಾತ್ರ ಹಳೆಯದೇ ಕೊಡುತ್ತಾರೆ.