ಉಣ್ಣೆಯ ಬಣ್ಣ ಬೆರೆಯುವುದಿಲ್ಲ, ಪಕ್ಕ ಪಕ್ಕ ಕೂರುತ್ತದೆ

ಹೋದ ಸಂಚಿಕೆಯಲ್ಲಿ ಉಣ್ಣೆಯ ಫೆಲ್ಟ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸದಾಗಿ ಓದುವವರಿಗೆ ಒಂದು ಮಾತು: ಫೆಲ್ಟ್ ಅಂದರೆ ನೇಯದೆ, ಹೆಣೆಯದೆ, ಬಿಡಿ ಉಣ್ಣೆಯನ್ನೇ ಉಜ್ಜಿ ಉಜ್ಜಿ ಬಟ್ಟೆ ಮಾಡುವುದು. ಕಾಶ್ಮೀರದ ನಮ್ದಾ ಹಾಸು ಹೀಗೇ ಆಗುತ್ತದೆ. ಚಿಕ್ಕಬಳ್ಳಾಪುರದಲ್ಲಿ ಕೂತ ನಾನು ಇದನ್ನು ಯಾರ ಹತ್ತಿರವೂ ಕಲಿಯಲಿಲ್ಲ. ಯಜಮಾನರ ಸ್ವೆಟರನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ, ಚೆನ್ನಾಗಿ ತಿಕ್ಕಿದೆ. ಒಣಗಿದಾಗ ಅದು ಮೊಮ್ಮಗಳಿಗೆ ಸರಿಹೋಯಿತು. ಅವರು ಒಂದು ವಾರ ಮಾತಾಡಲಿಲ್ಲ, ನಾನು ಮಾತ್ರ ಅದನ್ನು ತಿರುವಿ ತಿರುವಿ ನೋಡುತ್ತಿದ್ದೆ. ಹೆಣಿಗೆಯೇ ಕಾಣದಷ್ಟು ಗಟ್ಟಿಯಾಗಿತ್ತು!

ಪ್ರಶ್ನೆ: ಹಳದಿ ಮತ್ತು ನೀಲಿ ಉಣ್ಣೆ ಬೆರೆಸಿದರೆ ಹಸಿರು ಬರಬೇಕಲ್ವಾ? ನನಗೆ ಹಳದಿ ನೀಲಿ ಚುಕ್ಕಿಯೇ ಬಂದಿದೆ. ಎಲ್ಲಿ ತಪ್ಪಿದೆ? (ಚಿಂತಾಮಣಿಯ ಓದುಗರು)

ಉತ್ತರ: ನೀವು ತಪ್ಪಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟ ನಾನೂ ಇಲ್ಲೇ ಮುಗ್ಗರಿಸಿದ್ದು. ವಾಟರ್ ಕಲರ್‌ನಲ್ಲಿ ಹಳದಿಯೂ ನೀಲಿಯೂ ಒಂದೇ ನೀರಲ್ಲಿ ಕರಗಿ ಹಸಿರಾಗುತ್ತವೆ. ಉಣ್ಣೆಯಲ್ಲಿ ಆ ಕರಗುವ ಕೆಲಸ ಇಲ್ಲ. ಹಳದಿ ಎಳೆ ಕೊನೆಯವರೆಗೂ ಹಳದಿ, ನೀಲಿ ಎಳೆ ನೀಲಿ. ಎರಡೂ ಪಕ್ಕ ಪಕ್ಕ ಕೂರುತ್ತವೆ ಅಷ್ಟೇ. ಬೆರೆಸುವುದು ನಮ್ಮ ಕಣ್ಣು. ಅದಕ್ಕೇ ನಿಮ್ಮ ತುಂಡನ್ನು ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಹೆಚ್ಚುಕಮ್ಮಿ ಹಸಿರೇ ಕಾಣುತ್ತದೆ.

ಹತ್ತಿರದಿಂದಲೂ ಹಸಿರು ಬೇಕು ಅಂದರೆ ಹಿಂಜಬೇಕು, ಜಾಸ್ತಿ ಹಿಂಜಬೇಕು. ನಾಯಿಗೆ ಬಾಚುವ, ಸಣ್ಣ ಲೋಹದ ಹಲ್ಲಿನ ಬ್ರಷ್ ಎರಡು ತಗೊಳ್ಳಿ. ಒಂದರ ಮೇಲೆ ಎರಡೂ ಬಣ್ಣ ಹರಡಿ, ಇನ್ನೊಂದರಿಂದ ಎಳೆಯಿರಿ, ಬಿಡಿಸಿ, ಮತ್ತೆ ಹರಡಿ. ಎರಡು ಸಲಕ್ಕೆ ಪಟ್ಟೆ ಪಟ್ಟೆ. ಐದು ಸಲಕ್ಕೆ ಮಸುಕು. ಹತ್ತು ಸಲ ದಾಟಿದರೆ ಹೆಚ್ಚುಕಮ್ಮಿ ಒಂದೇ ಬಣ್ಣ. ನನ್ನ ಕೇಳಿದರೆ ಐದಕ್ಕೇ ನಿಲ್ಲಿಸಿ. ಪೂರಾ ಬೆರೆತ ಹಸಿರು ಅಂಗಡಿಯ ಬಟ್ಟೆಯ ಹಾಗೆ ಸಪ್ಪೆ. ಅರೆಬರೆ ಬೆರೆತದ್ದರಲ್ಲಿ ಜೀವ ಇರುತ್ತದೆ.

ಕಳೆದ ಸುಗ್ಗಿಯಲ್ಲಿ ನಾನು ರಾಗಿ ತೆನೆಯ ಬಣ್ಣ ಹಿಡಿಯಲು ಹೊರಟೆ. ಬರೀ ಕಂದು ಹಾಕಿದೆ, ಮಣ್ಣಿನ ಹೆಂಟೆಯ ಹಾಗೆ ಕಂಡಿತು. ಒಂದು ತೆನೆ ಕಿತ್ತು ತಂದು ಮೇಜಿನ ಮೇಲಿಟ್ಟು ನೋಡಿದೆ. ಕಾಳು ಇಟ್ಟಿಗೆ ಕೆಂಪು, ಸಿಪ್ಪೆ ಒಣಹುಲ್ಲಿನ ಬಣ್ಣ, ಸಂದಿನಲ್ಲಿ ಕಪ್ಪು ನೆರಳು. ಆಮೇಲೆ ಹತ್ತು ಗ್ರಾಂ ಉಣ್ಣೆಗೆ 5 ಗ್ರಾಂ ಕಂದು, 3 ಗ್ರಾಂ ಇಟ್ಟಿಗೆ ಕೆಂಪು, ಒಂದೂವರೆ ಗ್ರಾಂ ಹುಲ್ಲು ಬಣ್ಣ, ಅರ್ಧ ಗ್ರಾಂ ಕಪ್ಪು ಹಾಕಿ ನಾಲ್ಕೇ ಸಲ ಹಿಂಜಿದೆ. ಬಂತು. ತೂಕವನ್ನು ಬರೆದಿಡಿ, ಪಕ್ಕದಲ್ಲಿ ಒಂದು ಚಿಟಿಕೆ ಉಣ್ಣೆ ಅಂಟಿಸಿ. ಬರೆಯದೆ ಬಂದ ಒಳ್ಳೆಯ ಬಣ್ಣ ಮತ್ತೆ ಸಿಗುವುದಿಲ್ಲ, ನನ್ನ ಒಂದು ನವಿಲು ಬಣ್ಣ ಹಾಗೇ ಕಳೆದುಹೋಯಿತು.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಹೆಣಿಗೆ ದಾರದಿಂದ ಫೆಲ್ಟ್ ಆಗುತ್ತದಾ? (ಕೋಲಾರ)

ಉತ್ತರ: ಅಕ್ರಿಲಿಕ್ ಆದರೆ ಇಲ್ಲ, ಎಷ್ಟು ಉಜ್ಜಿದರೂ ಇಲ್ಲ. ಉಣ್ಣೆ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತದೆ. ಬಿಸಿನೀರು, ಸೋಪು ಬಿದ್ದಾಗ ಅದು ಬಿಚ್ಚಿಕೊಳ್ಳುತ್ತದೆ, ಉಜ್ಜಿದಾಗ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಅಕ್ರಿಲಿಕ್‌ಗೆ ಆ ಹುರುಪೆ ಇಲ್ಲ. ಲೇಬಲ್ ಮೇಲೆ 'ಸೂಪರ್‌ವಾಶ್' ಅಂತ ಇದ್ದರೆ ನಿಜವಾದ ಉಣ್ಣೆಯೂ ಬೇಡ, ಮೆಷಿನ್ನಿನಲ್ಲಿ ಕುಗ್ಗದಿರಲಿ ಅಂತಲೇ ಅದನ್ನು ಹದ ಮಾಡಿರುತ್ತಾರೆ.

ಪ್ರಶ್ನೆ: ನಮ್ಮ ಮನೆಯಲ್ಲೇ ಕುರಿ ಇವೆ. ಕತ್ತರಿಸಿದ ಉಣ್ಣೆ ಕಂಬಳಿಗೆ ಹೋಗುತ್ತದೆ. ಅದನ್ನೇ ಬಳಸಬಹುದಾ? (ಶಿರಾ)

ಉತ್ತರ: ಖಂಡಿತ. ಆದರೆ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ನಮ್ಮ ಕಡೆಯ ಕುರಿಯ ಉಣ್ಣೆ ಒರಟು. ಮೆರಿನೊ ಅನ್ನುವ ಕುರಿಯ ನಯವಾದ ಉಣ್ಣೆ ಇಪ್ಪತ್ತು ನಿಮಿಷಕ್ಕೆ ಹಿಡಿದರೆ ಇದಕ್ಕೆ ಒಂದು ಗಂಟೆ ಬೇಕು, ತೋಳು ನೋಯುತ್ತದೆ. ಕುತ್ತಿಗೆಗೆ ಸುತ್ತುವ ಶಾಲು ಮಾಡಿ ಚುಚ್ಚುತ್ತದೆ ಅನ್ನಬೇಡಿ, ಕಂಬಳಿ ಮೇಲೆ ಊಟಕ್ಕೆ ಕೂತು ಕೂದಲು ಬಂತು ಅಂತ ಗೊಣಗಿದ ಹಾಗಾಗುತ್ತದೆ. ಚೀಲ, ಬಿಸಿ ಪಾತ್ರೆ ಇಡುವ ಹಾಸು, ಕೂರುವ ಮಣೆಯ ಮೇಲಿನ ಹೊದಿಕೆ ಮಾಡಿ. ಚೆನ್ನಾಗಿ ಬಾಳುತ್ತದೆ.

ತೊಳೆಯುವಾಗ ಮಾತ್ರ ಎಚ್ಚರ. ಮುಳ್ಳು, ಕಸ ಮೊದಲೇ ಆರಿಸಿ. ಬಿಸಿನೀರಲ್ಲಿ ಮುಳುಗಿಸಿ ಬಿಟ್ಟುಬಿಡಿ, ಕೈಯಾಡಿಸಬೇಡಿ. ತಿಕ್ಕಿದರೆ ಬಕೆಟ್ಟಿನಲ್ಲೇ ಫೆಲ್ಟ್ ಆಗುತ್ತದೆ. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೂ ಹಾಕಬೇಡಿ. ಇನ್ನೊಂದು: ಕರಿ ಉಣ್ಣೆಗೆ ಯಾವ ಬಣ್ಣ ಹಾಕಿದರೂ ಕಾಣುವುದಿಲ್ಲ. ಅದಕ್ಕೆ ಬೇಸರ ಬೇಡ. ಚಿತ್ರಕ್ಕೆ ಗೆರೆ ಎಳೆಯಲು ಅಂಥ ಕಪ್ಪು ಬೇರೆಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಚುಕ್ಕಿ ರಂಗೋಲಿಯ ಹೂವನ್ನು ಹಾಸಿನ ಮೇಲೆ ಕೂರಿಸಿದೆ. ಮುಗಿಯುವಷ್ಟರಲ್ಲಿ ಹೂವು ಮೊಟ್ಟೆಯಾಗಿತ್ತು. ಗೆರೆಗಳೂ ಕಲಸಿಹೋದವು. (ಗೌರಿಬಿದನೂರು)

ಉತ್ತರ: ಮೊಟ್ಟೆ ಅಂದ ಕೂಡಲೇ ಗೊತ್ತಾಯಿತು, ಹಾಸಿದ ಉಣ್ಣೆಯನ್ನು ಚಾಪೆಯಲ್ಲಿ ಸುತ್ತಿ ಒಂದೇ ಕಡೆಗೆ ಉರುಳಿಸಿದ್ದೀರಿ. ಉರುಳಿಸಿದ ದಿಕ್ಕಿನಲ್ಲೇ ಉಣ್ಣೆ ಕುಗ್ಗುತ್ತದೆ. ಐವತ್ತು ಸಲ ಉರುಳಿಸಿ, ಬಿಚ್ಚಿ, ತುಂಡನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಐವತ್ತು. ನಾಲ್ಕೂ ಕಡೆ ಆಗಲಿ. ಕೆಳಗೆ ಹಾಸುವ ಉಣ್ಣೆಯನ್ನೂ ತೆಳುವಾಗಿ ಮೂರು ಪದರ ಹಾಕಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಮತ್ತೊಂದು ಉದ್ದಕ್ಕೆ.

ಅಳತೆ ಹೀಗೆ ಹಿಡಿಯಿರಿ: ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ಕೊನೆಗೆ 20 ಸೆಂಟಿಮೀಟರ್ ಬೇಕಾದರೆ 30ಕ್ಕೆ ಹಾಸಿ. ಚುಕ್ಕಿಗಳ ನಡುವಿನ ಜಾಗವನ್ನೂ ಅದೇ ಲೆಕ್ಕದಲ್ಲಿ ಹಿಗ್ಗಿಸಿ. ಗೆರೆ ಕಲಸಿದ್ದಕ್ಕೆ ಮದ್ದು ಬೇರೆ. ಬಿಡಿ ಉಣ್ಣೆಯಲ್ಲಿ ರಂಗೋಲಿ ಬರೆಯಬೇಡಿ. ಬೇಕಾದ ಬಣ್ಣದಲ್ಲಿ ತೆಳ್ಳಗೆ ಒಂದು ಹಾಳೆ ಅರ್ಧ ಫೆಲ್ಟ್ ಮಾಡಿ, ಅದು ಇನ್ನೂ ಮೆತ್ತಗಿರುವಾಗಲೇ ಕತ್ತರಿಯಿಂದ ಎಸಳು ಕತ್ತರಿಸಿ, ಹಾಸಿದ ಉಣ್ಣೆಯ ಮೇಲಿಟ್ಟು ಉಜ್ಜಿ. ಅಂಚು ಚೂಪಾಗಿ ನಿಲ್ಲುತ್ತದೆ. ಒಂಬತ್ತು ಚುಕ್ಕಿಗಿಂತ ದೊಡ್ಡದಕ್ಕೆ ಈಗಲೇ ಹೋಗಬೇಡಿ.

ಪ್ರಶ್ನೆ: ಬಿಳಿ ಉಣ್ಣೆಗೆ ಅರಿಶಿನದ ಬಣ್ಣ ಕೊಡಬಹುದಾ? (ಬಾಗೇಪಲ್ಲಿ)

ಉತ್ತರ: ಕೊಡಬಹುದು, ಕಿಟಕಿ ಹತ್ತಿರ ಮಾತ್ರ ಇಡಬೇಡಿ. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ. ನನ್ನ ಸೂರ್ಯಕಾಂತಿ ಎರಡು ತಿಂಗಳಿಗೆ ಕೆನೆ ಬಣ್ಣಕ್ಕೆ ಬಂತು. ಚೆಂಡು ಹೂವು ವಾಸಿ. ಬೆಲೆ ಬಿದ್ದ ದಿನ ನಮ್ಮ ಕಡೆ ರೈತರು ರಸ್ತೆ ಬದಿ ಸುರಿದು ಹೋಗಿರುತ್ತಾರೆ, ನೋಡಲು ಹೊಟ್ಟೆ ಉರಿಯುತ್ತದೆ. ಅದರ ಎಸಳು ಒಣಗಿಸಿಡಿ. 100 ಗ್ರಾಂ ಉಣ್ಣೆಯನ್ನು ಮೊದಲು 12 ಗ್ರಾಂ ಪಟಿಕ ಕರಗಿಸಿದ ಬಿಸಿನೀರಲ್ಲಿ ಒಂದು ಗಂಟೆ ಇಡಿ. ಆಮೇಲೆ ಎಸಳು ಕಾಯಿಸಿ ಸೋಸಿದ ನೀರಿಗೆ ಹಾಕಿ, ಕುದಿ ಬರದ ಉರಿಯಲ್ಲಿ ಒಂದು ಗಂಟೆ. ಪಾತ್ರೆಯಲ್ಲೇ ಆರಲಿ. ಈ ನೀರಿಗೆ ತುಕ್ಕು ಹಿಡಿದ ನಾಲ್ಕು ಮೊಳೆ ಹಾಕಿದರೆ ಹಳದಿ ಹೋಗಿ ಒಣ ಹುಣಸೆ ಸೊಪ್ಪಿನಂಥ ಹಸಿರು ಬರುತ್ತದೆ. ಅಡುಗೆ ಪಾತ್ರೆ ಬೇಡ.

ಪ್ರಶ್ನೆ: ನಮ್ಮದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆ. ಉಳಿದ ರೇಷ್ಮೆ ಎಳೆಯಿಂದ ಫೆಲ್ಟ್ ಆಗುತ್ತದಾ? (ಶಿಡ್ಲಘಟ್ಟ)

ಉತ್ತರ: ಈ ಪತ್ರಕ್ಕೇ ಕಾಯುತ್ತಿದ್ದೆ. ರೇಷ್ಮೆಗೆ ಹುರುಪೆ ಇಲ್ಲ, ಒಂಟಿಯಾಗಿ ಹಿಡಿಯುವುದಿಲ್ಲ. ಉಣ್ಣೆಯ ಮೇಲೆ ಜೇಡರ ಬಲೆಯಷ್ಟು ತೆಳುವಾಗಿ ಹರಡಿದರೆ ಕೆಳಗಿನ ಉಣ್ಣೆ ಎಳೆ ಮೇಲೇರಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ರೇಷ್ಮೆಯ ಅಂಟನ್ನು ಸೋಪು ನೀರಲ್ಲಿ ಕುದಿಸಿ ತೆಗೆಯಬೇಕು, ಆ ಕೆಲಸ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಉಣ್ಣೆಯನ್ನು ಆ ಪಾತ್ರೆಗೆ ಹಾಕಬೇಡಿ ಅಷ್ಟೇ.

ಉಣ್ಣೆ ಕುಗ್ಗುತ್ತದೆ, ರೇಷ್ಮೆ ಕುಗ್ಗುವುದಿಲ್ಲ. ಅದಕ್ಕೇ ಮೇಲ್ಮೈ ನಿರಿಗೆ ನಿರಿಗೆಯಾಗಿ ಏಳುತ್ತದೆ. ನೀಲಿ ಉಣ್ಣೆಯ ಮೇಲೆ ಬಿಳಿ ರೇಷ್ಮೆ ಹಾಕಿ ನಾನು ಬೆಳಗಿನ ನಂದಿ ಬೆಟ್ಟ ಮಾಡಿದೆ. ಮಂಜು ನಾನು ಬರೆದದ್ದಲ್ಲ, ಅದೇ ನಿರಿಗೆ ಕಟ್ಟಿಕೊಂಡು ಬಂದು ಕೂತಿತು. ನಿಮ್ಮಲ್ಲಿ ಒಂದು ಹಿಡಿ ಎಳೆ ಉಳಿದರೆ ಕಳಿಸಿ, ಬದಲಿಗೆ ನನ್ನ ರಾಗಿ ಬಣ್ಣದ ಉಣ್ಣೆ ಕೊಡುತ್ತೇನೆ.