ಅಲೆ ಇಲ್ಲದ ಕ್ವಾರಿ ನೀರಿನಲ್ಲಿ ಸ್ಕೂಬಾ ಅಪಘಾತ ಯಾಕೆ ಆಗುತ್ತದೆ?

ನೀವು ಕೇಳಿದ್ದು ಇದು: ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಎರಡು ಸಲ ಸ್ಕೂಬಾ ಡೈವ್ ಮಾಡಿದ್ದೀರಿ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿದಿದ್ದೀರಿ. ಈಗ ಕೆಲಸಕ್ಕೆ ಅಂತ ಬರ್ಮಿಂಗ್‌ಹ್ಯಾಮ್‌ಗೆ ಬಂದಿದ್ದೀರಿ. ಇಲ್ಲಿಯವರು ನೀರು ತುಂಬಿದ ಹಳೆಯ ಕಲ್ಲು ಕ್ವಾರಿಗಳಲ್ಲಿ ಡೈವ್ ಮಾಡುತ್ತಾರೆ. ಅಲೆ ಇಲ್ಲ, ಸೆಳೆತ ಇಲ್ಲ, ಆದರೂ ಅಪಘಾತದ ಸುದ್ದಿ ಬರುತ್ತದೆ, ಯಾಕೆ? ನಾನು ಹೋಗಬಹುದಾ?

ಹೋಗಬಹುದು. ಆದರೆ ಈಗಲೇ ಬೇಡ. ನಾನು ಏಳು ವರ್ಷದಿಂದ ಇಲ್ಲಿ ಡೈವ್ ಮಾಡುತ್ತಿದ್ದೇನೆ. ನನ್ನ ಕಣ್ಣೆದುರೇ ಒಂದು ಅಪಘಾತ ಆಗಿದೆ. ಅದನ್ನು ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಮೊದಲು ನೀರಿನ ವಿಷಯ. ನೇತ್ರಾಣಿಯಲ್ಲಿ ನೀರು ಬೆಚ್ಚಗಿರುತ್ತದೆ, ತರಬೇತುದಾರ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾನೆ. ಇಲ್ಲಿನ ಕ್ವಾರಿ ಹಾಗಲ್ಲ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಹಾಗಾಗಿ ಚಳಿಗಾಲದಲ್ಲಿ ತಣ್ಣಗಾದ ನೀರು ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಮೇಲೆ ಬಿಸಿಲು ಬಂದರೂ ಕೆಳಗೆ ತಿಂಗಳುಗಟ್ಟಲೆ ಕೊರೆಯುವ ಚಳಿ. ಜೊತೆಗೆ, ಕ್ವಾರಿಗೆ ಕೆರೆಯ ಹಾಗೆ ಇಳಿಜಾರು ದಡ ಇರುವುದಿಲ್ಲ. ಬಂಡೆ ಕಡಿದ ಗೋಡೆ, ಮೆಟ್ಟಿಲು ಮೆಟ್ಟಿಲಾಗಿ ಆಳ. ನಮ್ಮೂರ ಕಡೆ ಕ್ವಾರಿ ಗುಂಡಿಗೆ ಈಜಲು ಹೋದ ಹುಡುಗರು ಮುಳುಗುವುದೂ ಹೀಗೇ ಅಲ್ವಾ, ಒಂದು ಹೆಜ್ಜೆ ಮುಂದಿಟ್ಟರೆ ಕಾಲಿಗೆ ನೆಲವೇ ಸಿಗುವುದಿಲ್ಲ.

ವೇಲ್ಸ್‌ನ ನ್ಯಾಂಟ್‌ಲ್ ಕಣಿವೆಯಲ್ಲಿ ಡೊರೊಥಿಯಾ ಅಂತ ಒಂದು ಸ್ಲೇಟ್ ಕ್ವಾರಿ ಇದೆ. 1970ರಲ್ಲಿ ಕೆಲಸ ನಿಂತಿತು, ನೀರೆತ್ತುವ ಪಂಪೂ ನಿಂತಿತು, ಗುಂಡಿ ತುಂಬಿಕೊಂಡಿತು. ಆಳ 100 ಮೀಟರಿಗಿಂತ ಜಾಸ್ತಿ. 1990ರ ದಶಕದಿಂದೀಚೆಗೆ ಅಲ್ಲಿ ಸತ್ತ ಡೈವರ್‌ಗಳು 20ಕ್ಕೂ ಹೆಚ್ಚು. ಅಲೆ ಅಲ್ಲೂ ಇಲ್ಲ.

ಈಗ ನಮ್ಮ ಕತೆ. ಯಾವ ಕ್ವಾರಿ ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಮಾರ್ಚ್ ತಿಂಗಳು, ತಳದಲ್ಲಿ ನೀರು 5 ಡಿಗ್ರಿ. ನಾನು, ಧಾರವಾಡದ ಒಬ್ಬ ಗೆಳೆಯ. 19 ಮೀಟರ್ ಆಳದಲ್ಲಿ ಮುಳುಗಿಸಿಟ್ಟ ಹಳೆಯ ವ್ಯಾನ್ ಒಂದಿತ್ತು. ಅದನ್ನು ನೋಡುತ್ತಾ ನಾನು ನಾಲ್ಕೈದು ಮೀಟರ್ ಮುಂದೆ ಹೋಗಿಬಿಟ್ಟೆ. ಹಿಂದೆ ತಿರುಗಿದಾಗ ಅವನು ಕಾಣಲಿಲ್ಲ, ಬರೀ ಗುಳ್ಳೆ. ನೊರೆಯ ಗೋಡೆ ಎದ್ದ ಹಾಗೆ.

ಇದಕ್ಕೆ ಫ್ರೀ ಫ್ಲೋ ಅನ್ನುತ್ತಾರೆ. ಸಿಲಿಂಡರ್‌ನಿಂದ ಒತ್ತಡದ ಗಾಳಿ ಹೊರಬರುವಾಗ ವಿಪರೀತ ತಣ್ಣಗಾಗುತ್ತದೆ. ನೀರೂ ತುಂಬಾ ತಣ್ಣಗಿದ್ದರೆ ರೆಗ್ಯುಲೇಟರ್ (ಸಿಲಿಂಡರ್ ಗಾಳಿಯನ್ನು ಉಸಿರಾಡುವ ಹಾಗೆ ಬಾಯಿಗೆ ಕೊಡುವ ಉಪಕರಣ) ಒಳಗೆ ಮಂಜುಗಡ್ಡೆ ಕಟ್ಟುತ್ತದೆ, ಕವಾಟ ತೆರೆದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಗಾಳಿ ಕೆಟ್ಟುಹೋದ ನಲ್ಲಿಯ ಹಾಗೆ ಸುರಿಯುತ್ತದೆ. ಕೆಲವೇ ನಿಮಿಷಕ್ಕೆ ಸಿಲಿಂಡರ್ ಖಾಲಿ. ಗಾಬರಿಯಿಂದ ಜೋರಾಗಿ ಉಸಿರೆಳೆದಷ್ಟೂ ಗಾಳಿ ಸುರಿಯುವುದು ಜಾಸ್ತಿ. ಆ ಹೊತ್ತಿಗೆ ನಾನು ಪಕ್ಕದಲ್ಲಿದ್ದಿದ್ದರೆ ನನ್ನ ಎರಡನೇ ರೆಗ್ಯುಲೇಟರ್ ಅವನ ಬಾಯಿಗೆ ಕೊಡುತ್ತಿದ್ದೆ. ಇಬ್ಬರೂ ನಿಧಾನಕ್ಕೆ ಮೇಲೆ ಬರುತ್ತಿದ್ದೆವು. ನಾನು ಪಕ್ಕದಲ್ಲಿರಲಿಲ್ಲ. ಅವನು ಒಬ್ಬನೇ ಮೇಲಕ್ಕೆ ಚಿಮ್ಮಿದ.

ಆಮೇಲೆ ಆಳ, ಸಮಯ ದಾಖಲಿಸುವ ಅವನ ಡೈವ್ ಕಂಪ್ಯೂಟರ್‌ನ ಗೆರೆ ನೋಡಿದೆ. ಎರಡು ನಿಮಿಷವಾದರೂ ತೆಗೆದುಕೊಳ್ಳಬೇಕಾದ ದಾರಿಯನ್ನು ಅವನು 40 ಸೆಕೆಂಡಿನಲ್ಲಿ ಮುಗಿಸಿದ್ದ. 10 ಮೀಟರ್‌ನಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿದು ಗುಳ್ಳೆ ರಕ್ತಕ್ಕೆ ಸೇರುತ್ತದೆ, ಮಿದುಳಿಗೂ ಹೋಗಬಹುದು.

ನಾನು ಮೇಲೆ ಬಂದಾಗ ಅವನು ದಡದ ಮೆಟ್ಟಿಲ ಮೇಲೆ ಕೂತಿದ್ದ. ಮುಖ ಬಿಳಚಿಕೊಂಡಿತ್ತು. "ಏನೂ ಆಗಿಲ್ಲ ಬಿಡೋ, ಆರಾಮ ಅದೀನಿ" ಅಂದ. ನಾನೂ ನಂಬಿದೆ. ನಂಬಬೇಕು ಅಂತಲೇ ಇತ್ತು ನನಗೆ. ಯಾರೋ ಚಹಾ ತಂದುಕೊಟ್ಟರು. ಅವನು ಬಲಗೈ ಚಾಚಿದ. ಚಹಾ ಕಪ್ ಬೆರಳ ಮಧ್ಯೆಯಿಂದ ಜಾರಿ ಬಿತ್ತು. ಬಿಸಿ ಚಹಾ ಕೈಮೇಲೆ ಚೆಲ್ಲಿದರೂ ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೇರೆಯವರ ಕೈ ನೋಡಿದ ಹಾಗೆ ಸುಮ್ನೆ ನೋಡುತ್ತಾ ಕೂತ.

ಅಲ್ಲಿದ್ದ ಒಬ್ಬ ಹಿರಿಯ ತರಬೇತುದಾರರು ಮರುಮಾತಿಲ್ಲದೆ ಅವನನ್ನು ಅಂಗಾತ ಮಲಗಿಸಿದರು. ಆಕ್ಸಿಜನ್ ಹಾಕಿದರು, ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿಸಿದರು. ಅವರು ಇಲ್ಲದಿದ್ದರೆ ನಾನು ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಹೊರಟುಬಿಡುತ್ತಿದ್ದೆ. ಇದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆವತ್ತು ಸಂಜೆ, ಮೈಯೊಳಗಿನ ಗುಳ್ಳೆ ಕುಗ್ಗಿಸಲು, ಅವನನ್ನು ಒತ್ತಡದ ಕೋಣೆಯಲ್ಲಿ ಮಲಗಿಸಿದರು. 18 ಮೀಟರ್ ಆಳದಷ್ಟು ಒತ್ತಡ, ಶುದ್ಧ ಆಕ್ಸಿಜನ್, 4 ಗಂಟೆ 45 ನಿಮಿಷ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಅವನ ಫೋನ್ ನನ್ನ ಹತ್ತಿರವೇ ಇತ್ತು. ಅವನ ಅಮ್ಮನ ಕಾಲ್ ಬಂತು, ಧಾರವಾಡದಲ್ಲಿ ಆಗ ರಾತ್ರಿ ಹತ್ತೂವರೆ. "ಅವ ಎಲ್ಲಿದ್ದಾನಪ್ಪಾ?" ಅಂತ ಕೇಳಿದರು. "ಮಲಗಿದ್ದಾನೆ ಅಮ್ಮ" ಅಂದೆ. ಅದನ್ನು ಅವರು ನಂಬಿದ್ದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಅವನು ಬದುಕಿದ. ಮೂರು ಸಲ ಆ ಕೋಣೆಗೆ ಹೋಗಿ ಬಂದ. ಎರಡು ಬೆರಳ ತುದಿಯಲ್ಲಿ ಇನ್ನೂ ಜೋಮು ಇದೆ, ಶರ್ಟಿನ ಗುಂಡಿ ಹಾಕಿಕೊಳ್ಳುವಾಗ ತಡವರಿಸುತ್ತಾನೆ. ಮತ್ತೆ ನೀರಿಗೆ ಇಳಿದಿಲ್ಲ. ನನ್ನನ್ನು ಯಾವತ್ತೂ ದೂರಲಿಲ್ಲ. ಒಂದು ಸಲ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ನಾನು ಎಂಟು ತಿಂಗಳು ಡೈವ್ ಮಾಡಲಿಲ್ಲ. ಮೊದಲು ಈಜುಕೊಳದಲ್ಲಿ, ಆಮೇಲೆ 6 ಮೀಟರ್‌ನಲ್ಲಿ ಶುರು ಮಾಡಿದೆ. ಈಗ ಜೊತೆಗಾರನ ಕೈಗೆಟುಕುವ ದೂರ ದಾಟಿ ಹೋಗುವುದಿಲ್ಲ, ವ್ಯಾನ್ ಇರಲಿ ವಿಮಾನ ಇರಲಿ.

ಜೀವ ಹೋದರೆ ಮುಂದಿನದು ಬೇರೆಯೇ. ಪೊಲೀಸರು ಉಪಕರಣಗಳನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ, ಪರೀಕ್ಷೆಗೆ ಹೋಗುತ್ತವೆ. ಕೊರೊನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಅವರ ಮುಂದೆ ವಿಚಾರಣೆ ನಡೆಯುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಜೊತೆಗಿದ್ದವನು ಸಾಕ್ಷಿ. ಮನೆಯವರ ಎದುರು ನಿಂತು ಎಷ್ಟು ದೂರದಲ್ಲಿದ್ದೆ, ಯಾವಾಗ ತಿರುಗಿ ನೋಡಿದೆ ಅಂತ ಹೇಳಬೇಕು. ನನಗೆ ಆ ದಿನ ಬರಲಿಲ್ಲ, ಕೂದಲೆಳೆಯಲ್ಲಿ ತಪ್ಪಿತು.

ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಅನ್ನುವ ಡೈವರುಗಳ ಸಂಸ್ಥೆ ಪ್ರತಿವರ್ಷ ಅಪಘಾತಗಳ ವರದಿ ಹೊರತರುತ್ತದೆ. ಡೈವ್ ಮಾಡುವ ಮೊದಲು ಒಂದು ವರ್ಷದ್ದಾದರೂ ಕೂತು ಓದಿ. ಜೊತೆಗಾರರು ದೂರವಾದದ್ದು, ಗಾಳಿ ಮುಗಿದದ್ದು, ಬೇಗ ಮೇಲೆ ಬಂದದ್ದು, ಇವೇ ಮತ್ತೆ ಮತ್ತೆ ಸಿಗುತ್ತವೆ.

ನಿಮಗೆ ನನ್ನ ಸಲಹೆ: ನೇತ್ರಾಣಿಯ ಎರಡು ಡೈವ್ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಇಲ್ಲಿ ಮೊದಲಿನಿಂದ ಕೋರ್ಸ್ ಮಾಡಿ, ಡ್ರೈಸೂಟ್ (ಒಳಗೆ ನೀರು ಬಿಡದ ಉಡುಪು) ಬಳಸಲು ಕಲಿಯಿರಿ, ತಣ್ಣೀರಿಗೆ ತಕ್ಕ ರೆಗ್ಯುಲೇಟರನ್ನೇ ಬಾಡಿಗೆಗೆ ಕೇಳಿ. ಲೆಸ್ಟರ್ ಹತ್ತಿರದ ಸ್ಟೋನಿ ಕೋವ್ ನಿಮಗೆ ದೂರವಲ್ಲ, ಮೊದಲ ಮೆಟ್ಟಿಲು ಸುಮಾರು 6 ಮೀಟರ್, ಕಲಿಯುವವರಿಗೆ ಸಾಕು. ಜುಲೈ ಆಗಸ್ಟ್‌ನಲ್ಲಿ ಹೋಗಿ. ಜೊತೆಗೆ ಯಾರೂ ಸಿಗದಿದ್ದರೆ ಇಲ್ಲೇ ಸಂದೇಶ ಹಾಕಿ, ನಾನು ಬರುತ್ತೇನೆ.