ಹಳೆಯ ಕಾಲೇಜು ಕಟ್ಟಡವನ್ನು ವಿದ್ಯಾರ್ಥಿಗಳು ಕೂಡುವ ತಾಣವಾಗಿಸಬಹುದೇ, ಕೆಡವಿ ಹೊಸದು ಕಟ್ಟುವುದೇ ಮೇಲೇ?

ಮೈಸೂರಿನ ನಿಮ್ಮ ಕಾಲೇಜಿನಲ್ಲಿ ಬೀಗ ಹಾಕಿಕೊಂಡಿರುವ, ಸುಮಾರು ನೂರು ವರ್ಷದ ಎರಡಂತಸ್ತಿನ ಕಟ್ಟಡವನ್ನು ದುರಸ್ತಿ ಮಾಡಿ ಕ್ಯಾಂಟೀನು, ಓದುವ ಕೋಣೆ, ಸಂಘಗಳ ಕೊಠಡಿ, ಸಣ್ಣ ಸಭಾಂಗಣ ಎಲ್ಲವನ್ನೂ ಅಲ್ಲಿಗೆ ತರಬಹುದೇ ಎಂದು ಕೇಳಿದ್ದೀರಿ. ಅದಕ್ಕಿಂತ ಕೆಡವುವುದೇ ಅಗ್ಗವೆಂದು ಆಡಳಿತ ಮಂಡಳಿಯ ಕೆಲವರು ಹೇಳುತ್ತಿದ್ದಾರೆ ಎಂದೂ ಬರೆದಿದ್ದೀರಿ. ಈ ಊರಿನ ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿಕೊಂಡಿರುವ ಸಿವಿಲ್ ಎಂಜಿನಿಯರ್ ನಾನು. ತಳಪಾಯ ಕುಸಿಯದೆ ಗೋಡೆಗಳು ನೆಟ್ಟಗೆ ನಿಂತಿದ್ದರೆ ನಿಮ್ಮ ಯೋಜನೆ ಖಂಡಿತ ಸಾಧ್ಯ. ಆದರೆ ನಿಮ್ಮ ಪಟ್ಟಿಯಲ್ಲಿರುವ ಎಲ್ಲವನ್ನೂ ಆ ಗೋಡೆಗಳ ಒಳಗೇ ತುಂಬಲು ಹೋಗಬೇಡಿ: ಜನ ಕೂಡುವ ಕೆಲಸಗಳು ಒಳಗಿರಲಿ, ನೀರು ಬೇಡುವ ಕೆಲಸಗಳು ಹೊರಗಿರಲಿ.

ಮಂಡಳಿಯವರ ಭಯಕ್ಕೆ ಕಾರಣವಿಲ್ಲದಿಲ್ಲ. 2012ರ ಆಗಸ್ಟ್‌ನಲ್ಲಿ ಮೈಸೂರಿನದೇ ಆದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ನೆಲಕ್ಕುರುಳಿತು. ಇವನ್ನು ಕಂಡವರು ಹಳೆಯದೆಲ್ಲವೂ ಅಪಾಯವೆಂದು ತೀರ್ಮಾನಿಸುವುದು ಸಹಜವಾದರೂ, ನಾನು ಒಳಹೊಕ್ಕು ನೋಡಿದ ಹಳೆಯ ಕಟ್ಟಡಗಳಲ್ಲಿ ಹಾನಿಯ ಮೂಲ ವಯಸ್ಸಾಗಿರಲಿಲ್ಲ, ವರ್ಷಾನುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇಳಿದ ನೀರಾಗಿತ್ತು. ಇದೇ ಊರಿನಲ್ಲಿ 1887ರ ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಿದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡವೂ ಇನ್ನೂ ನಿಂತಿದೆ ಎಂಬುದನ್ನು ಮಂಡಳಿಯ ಮುಂದೆ ಹೇಳಿ.

ನಿಮ್ಮ ಕಟ್ಟಡದ ಮೇಲ್ಛಾವಣಿ ಬಹುಶಃ ಮದ್ರಾಸ್ ತಾರಸಿಯದ್ದಾಗಿರುತ್ತದೆ. ತೇಗದ ತೊಲೆಗಳ ಮೇಲೆ ಜಂತೆಗಳನ್ನಿಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಓರೆಯಾಗಿ ನಿಲ್ಲಿಸಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟನ್ನು ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು. ಇಂಥ ತಾರಸಿಯ ನೀರಿಳಿಯುವ ಕೊಳವೆ ಎಲೆಯಿಂದ ಕಟ್ಟಿಕೊಂಡರೆ, ಕೈಪಿಡಿಗೋಡೆಯ ಬಿರುಕಿನಲ್ಲಿ ಒಂದು ಅರಳಿ ಸಸಿ ಬೇರೂರಿದರೆ, ತೊಲೆಯ ತುದಿ ಗೋಡೆಯೊಳಗೆ ಹುದುಗಿರುವ ಜಾಗದಲ್ಲಿ ತೇವ ನಿಲ್ಲುತ್ತದೆ. ಹೊರಗೆ ಕಾಣುವ ತೊಲೆ ಉಕ್ಕಿನಂತೆ ಗಟ್ಟಿಯಾಗಿರುವಾಗಲೇ ಗೋಡೆಯೊಳಗಿನ ಒಂದಡಿ ತುದಿ ಪುಡಿಯಾಗಿರುತ್ತದೆ. ಗೆದ್ದಲು ಆಮೇಲೆ ಬರುತ್ತದೆ. ಆದ್ದರಿಂದ ಯಾವ ನಕ್ಷೆ ಬರೆಯುವ ಮೊದಲೂ ಪ್ರತಿ ತೊಲೆಯ ಎರಡೂ ತುದಿಗಳನ್ನು ಬಿಚ್ಚಿ ನೋಡಿಸಿ. ಈ ಒಂದು ತಪಾಸಣೆಯ ವರದಿ ಕೈಯಲ್ಲಿದ್ದರೆ ಕೆಡವಬೇಕೇ ಉಳಿಸಬೇಕೇ ಎಂಬ ಚರ್ಚೆಯ ಬಹುಭಾಗ ತಾನಾಗಿ ಮುಗಿಯುತ್ತದೆ, ಏಕೆಂದರೆ ಕೆಟ್ಟಿರುವ ತುದಿಯನ್ನಷ್ಟೇ ಕತ್ತರಿಸಿ ಹೊಸ ತೇಗವನ್ನು ಉಕ್ಕಿನ ಪಟ್ಟಿಗಳಿಂದ ಬೆಸೆಯುವುದು ಅನೇಕ ಕಡೆ ಸಾಕಾಗುತ್ತದೆ.

ಸಿಮೆಂಟಿನ ವಿಷಯದಲ್ಲಿ ದಯವಿಟ್ಟು ರಾಜಿಯಾಗಬೇಡಿ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿ ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವ ಒಳಗೇ ಉಳಿದು, ಉಪ್ಪು ಹೊರಬಂದು, ಕೆಲವೇ ವರ್ಷಗಳಲ್ಲಿ ಗಿಲಾವು ಹಪ್ಪಳೆಗಟ್ಟಿ ಉದುರುತ್ತದೆ, ಜೊತೆಗೆ ಹಳೆಯ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತದೆ. ಸುಣ್ಣ ಅರಳಿಸಿ ಕೊಳೆಹಾಕಿ, ಮರಳು ಮತ್ತು ಇಟ್ಟಿಗೆ ಪುಡಿಯೊಂದಿಗೆ ಅರೆಯುವ ಕೆಲಸ ಬಲ್ಲ ಮೇಸ್ತ್ರಿಗಳು ಇಂದಿಗೂ ಸಿಗುತ್ತಾರೆ. ಟೆಂಡರಿನಲ್ಲಿ ಸುಣ್ಣದ ಗಾರೆ ಎಂದು ಸ್ಪಷ್ಟವಾಗಿ ಬರೆಯದೆ ಹೋದರೆ ಮಾತ್ರ ಗುತ್ತಿಗೆದಾರರು ಸಿಮೆಂಟನ್ನೇ ತರುತ್ತಾರೆ.

ಇನ್ನು ಎಲ್ಲಿ ಏನಿರಬೇಕು ಎಂಬುದು. ಒಂದು ಕಾಲೇಜಿನಲ್ಲಿ ಸೌಕರ್ಯಕ್ಕೆಂದು ಮೇಲಂತಸ್ತಿನ ಮೂಲೆಯಲ್ಲಿ ಶೌಚಾಲಯ ಕಟ್ಟಿಸಿದ್ದರು. ಕೊಳವೆಯ ಸಣ್ಣ ಸೋರಿಕೆಯೊಂದು ಕೆಳಗಿನ ಮೂರು ತೊಲೆಗಳನ್ನು ತಿಂದುಹಾಕಿದ್ದನ್ನು ನಾನೇ ಬಿಚ್ಚಿಸಿ ನೋಡಿದ್ದೇನೆ. ಶೌಚಾಲಯ ಮತ್ತು ಕ್ಯಾಂಟೀನಿನ ಅಡುಗೆಮನೆಯನ್ನು ಹಿತ್ತಲಿನಲ್ಲಿ ಪ್ರತ್ಯೇಕ ತಳಪಾಯದ ಮೇಲೆ, ಮುಖಮಂಟಪಕ್ಕೆ ಕಾಣದಂತೆ ತಗ್ಗಾಗಿ ಕಟ್ಟಿ, ನಡುವೆ ಹೊದಿಕೆಯ ಓಣಿಯಿಂದ ಸೇರಿಸಿ. ತಿಂಡಿ ಅಲ್ಲಿ ತಯಾರಾಗಲಿ, ತಿನ್ನುವುದು ಕೆಳಗಿನ ವರಾಂಡದಲ್ಲಿ ನಡೆಯಲಿ. ಎತ್ತರದ ಕಂಬಗಳ ವರಾಂಡದಲ್ಲಿ ಕುಳಿತು ಕಾಫಿ ಕುಡಿಯಲು ಸಿಗುವ ನೆರಳು ಮತ್ತು ಗಾಳಿ ಯಾವ ಹೊಸ ಕ್ಯಾಂಟೀನಿನಲ್ಲೂ ಸಿಗುವುದಿಲ್ಲ.

ಭಾರದ ಲೆಕ್ಕವನ್ನೂ ನೋಡಬೇಕು. ಕಟ್ಟಡಗಳು ಹೊರಬೇಕಾದ ಭಾರದ ಭಾರತೀಯ ಮಾನಕವಾದ ಐಎಸ್ 875ರ ಎರಡನೆಯ ಭಾಗದ ಪ್ರಕಾರ ತರಗತಿಗೆ ಚದರ ಮೀಟರಿಗೆ 3 ಕಿಲೋನ್ಯೂಟನ್, ಎಂದರೆ ಸುಮಾರು 300 ಕಿಲೋಗ್ರಾಂ ಭಾರ ಹಿಡಿಯುತ್ತಾರೆ. ಕುರ್ಚಿಗಳನ್ನು ನೆಲಕ್ಕೆ ಬಿಗಿಯದ ಸಭಾಂಗಣಕ್ಕೆ ಅದು 5, ಪುಸ್ತಕದ ಕಪಾಟುಗಳ ಕೋಣೆಗೆ ಕನಿಷ್ಠ 6. ಮೇಲಂತಸ್ತಿನ ನೆಲ ತರಗತಿಗೆಂದೇ ಕಟ್ಟಿದ್ದು. ಆದ್ದರಿಂದ ನೃತ್ಯಾಭ್ಯಾಸ, ನಾಟಕದ ತಾಲೀಮು, ಸಭೆ, ಪುಸ್ತಕ ಸಂಗ್ರಹ ಇವೆಲ್ಲ ನೆಲ ಅಂತಸ್ತಿಗೆ ಬರಲಿ. ಮೇಲೆ ಮೇಜು ಕುರ್ಚಿಗಳ ಓದುವ ಕೋಣೆ ಮತ್ತು ಸಂಘಗಳ ಸಣ್ಣ ಕೊಠಡಿಗಳಿರಲಿ. ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಗೆ ಮುಖ್ಯ ಬಾಗಿಲಿನಿಂದಲೇ ದಾರಿ ಇರಬೇಕು, ಹಿಂಬಾಗಿಲಿನಿಂದಲ್ಲ. ಮೇಲೆ ಹೋಗಲಾಗದವರಿಗೆ ಕೆಳಗೂ ಒಂದು ಓದುವ ಕೋಣೆಯನ್ನು ಮೀಸಲಿಡಿ. ವಿದ್ಯುತ್ ತಂತಿಗಳನ್ನು ಪೂರ್ತಿ ಹೊಸದಾಗಿ ಎಳೆಸಿ, ಆದರೆ ಗೋಡೆ ಕೊರೆಯದೆ ಹೊರಗಿನ ಕೊಳವೆಯಲ್ಲಿ ಒಯ್ಯಿಸಿ.

ಕಟ್ಟಡವು ಪಾರಂಪರಿಕ ಪಟ್ಟಿಯಲ್ಲಿದ್ದರೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನು ನಕ್ಷೆಯ ಹಂತದಲ್ಲೇ ಸಂಪರ್ಕಿಸಿ. ಅದರ ಕಚೇರಿ ಈ ಊರಿನಲ್ಲೇ ಇದೆ. ತಾರಸಿ ಬಿಚ್ಚುವ ಕೆಲಸ ಡಿಸೆಂಬರ್ ಕೊನೆಯಲ್ಲಿ ಆರಂಭವಾಗಿ ಏಪ್ರಿಲ್ ಒಳಗೆ ಮುಗಿಯಬೇಕು, ಏಕೆಂದರೆ ಮೈಸೂರಿನಲ್ಲಿ ಮೇ ತಿಂಗಳ ಗುಡುಗುಮಳೆಯೂ ಸೆಪ್ಟೆಂಬರ್, ಅಕ್ಟೋಬರ್‌ಗಳ ಮಳೆಯೂ ಬಿರುಸು, ಹಸಿ ಸುಣ್ಣಕ್ಕೆ ಅದು ಮಾರಕ.

ಕೊನೆಯದಾಗಿ ನಿರ್ವಹಣೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಗೆ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಒಮ್ಮೆ ಜೀರ್ಣೋದ್ಧಾರವಾದ ಮೇಲೂ ಕೆಲವೇ ವರ್ಷಗಳಲ್ಲಿ ಮತ್ತೆ ದುರಸ್ತಿ ಬೇಕಾಯಿತು. ಒಂದು ಸಲದ ದೊಡ್ಡ ಹಣಕ್ಕಿಂತ ಪ್ರತಿವರ್ಷದ ಸಣ್ಣ ಹಣ ಮುಖ್ಯವೆಂದು ನಾನು ಬಲವಾಗಿ ನಂಬುತ್ತೇನೆ. ದಿನವೂ ಜನ ಓಡಾಡುವ ಕಟ್ಟಡದಲ್ಲಿ ಸೋರಿಕೆ ಮೊದಲ ಮಳೆಗೇ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ. ಆದರೆ ಅದನ್ನು ಯಾರಿಗೆ ಹೇಳಬೇಕು, ಯಾವ ಖಾತೆಯಿಂದ ಖರ್ಚಾಗಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಹಾಗಾಗಿ ಮುಂದಿನ ಸಭೆಯಲ್ಲಿ ಅಂದಾಜುಪಟ್ಟಿ ಬಂದಾಗ, ಏಪ್ರಿಲ್ ಮತ್ತು ಆಗಸ್ಟ್ ಕೊನೆಗೆ ತಾರಸಿ ಗುಡಿಸಿ ಕೊಳವೆ ಬಿಡಿಸುವ ಕೂಲಿ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಸೇರಿಲ್ಲದಿದ್ದರೆ ಸೇರಿಸಿದ ಮೇಲೆಯೇ ಒಪ್ಪಿಗೆ ಕೊಡಿ.